ಮೊದಲು ಮುಚ್ಚಿದ್ದು, ಕೊನೆಗೆ ತೆರೆದದ್ದು

2020ರ ಮಾರ್ಚ್ ಎರಡನೇ ವಾರ ಬೆಂಗಳೂರಿನಲ್ಲಿ ಎಲ್ಲರಿಗಿಂತ ಮೊದಲು ರಜೆ ಸಿಕ್ಕಿದ್ದು ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ. ಅದರ ಬೆನ್ನಿಗೇ ಐದನೇ ತರಗತಿವರೆಗಿನವರಿಗೆ. ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ಬಂದ ವರದಿ, ಅದು ದೇಶದ ಮೊದಲ ಕೋವಿಡ್ ಸಾವು ಎಂದು ಖಚಿತಪಡಿಸಿತು. 13ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಾಲ್, ಚಿತ್ರಮಂದಿರ, ದೊಡ್ಡ ಸಮಾರಂಭಗಳಿಗೆಲ್ಲ ತಡೆ ಪ್ರಕಟಿಸಿದರು. ಆಗ ಹೇಳಿದ ಅವಧಿ ಒಂದು ವಾರ.

ಆ ದಿನಗಳಲ್ಲಿ ಪಾಟಿಚೀಲ ಹೆಗಲಿಗೇರಿಸಿ ಮನೆಗೆ ಹೋದ ಒಂದನೇ ತರಗತಿಯ ಮಗು ಮತ್ತೆ ತರಗತಿಯ ಕೋಣೆಯಲ್ಲಿ ಕೂತದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಹಾಜರಿ ಪುಸ್ತಕದ ಪ್ರಕಾರ ಅದು ಮೂರನೇ ತರಗತಿಯಲ್ಲಿತ್ತು. ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳು ನವೆಂಬರ್ 8ರವರೆಗೆ ಕಾಯಬೇಕಾಯಿತು. ಎಲ್ಲಕ್ಕಿಂತ ಮೊದಲು ಮುಚ್ಚಿದ್ದನ್ನು ಎಲ್ಲಕ್ಕಿಂತ ಕೊನೆಗೆ ತೆರೆದೆವು. ಮುಚ್ಚುವಾಗ ಪ್ರತಿ ಸಲವೂ ಕಾರಣ ಇತ್ತು. ಯಾವ ಸ್ಥಿತಿ ಬಂದರೆ ತೆರೆಯುತ್ತೇವೆ ಎಂದು ಕೇಳಿದರೆ ಮಾತು ‘ಮುಂದಿನ ಆದೇಶದವರೆಗೆ’ ಎಂಬಲ್ಲಿಗೆ ನಿಲ್ಲುತ್ತಿತ್ತು. ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ತೆರೆಯಬಹುದು ಎಂಬ ಸ್ಪಷ್ಟ ಅಳತೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಅದೂ 9ರಿಂದ 12ನೇ ತರಗತಿಯವರಿಗೆ.

ಈ ಅವಧಿಯಲ್ಲಿ ನಾವು ಬೀದಿಯಲ್ಲಿ, ಟಿವಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹೆಚ್ಚು ಜಗಳ ಆಡಿದ್ದು ಮಾಸ್ಕ್ ಬಗ್ಗೆ. ಅದು ಸಹಜವೇ. ಮಾಸ್ಕ್ ಮುಖದ ಮೇಲಿರುತ್ತದೆ, ಹಾಕಿದ್ದಾರೋ ಇಲ್ಲವೋ ದೂರದಿಂದಲೇ ಗೊತ್ತಾಗುತ್ತದೆ, ದಂಡದ ರಸೀದಿ ಹರಿಯುವ ಮಾರ್ಷಲ್ ಎದುರಿಗೇ ನಿಂತಿರುತ್ತಾರೆ. ಕರ್ನಾಟಕದಲ್ಲಿ 2020ರ ಸೆಪ್ಟೆಂಬರ್ ಕೊನೆಗೆ ಈ ದಂಡವನ್ನು ನಗರ ಪ್ರದೇಶದಲ್ಲಿ 1,000 ರೂಪಾಯಿಗೆ, ಹಳ್ಳಿಗಳಲ್ಲಿ 500ಕ್ಕೆ ಏರಿಸಿದರು. ದಿನದ ಕೂಲಿಗಿಂತ ದಂಡ ದೊಡ್ಡದಾಯಿತು. ಜನ ಸಿಟ್ಟಾದರು, ಪತ್ರಿಕೆಗಳು ಬರೆದವು, ಒಂದೇ ವಾರದಲ್ಲಿ ಅದು 250 ಮತ್ತು 100 ರೂಪಾಯಿಗೆ ಇಳಿಯಿತು. ಜನ ಕೇಳಿದರು, ಸರ್ಕಾರ ಕಿವಿಗೊಟ್ಟಿತು, ತಪ್ಪು ಸರಿಹೋಯಿತು. ಮಾಸ್ಕ್ ವಿಷಯದಲ್ಲಿ ಇದು ಸಾಧ್ಯವಾದದ್ದು ದಂಡ ತೆತ್ತವರೆಲ್ಲ ದೊಡ್ಡವರಾಗಿದ್ದರು ಎಂಬ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ. ಅವರಿಗೆ ಬಾಯಿ ಇತ್ತು, ವೋಟೂ ಇತ್ತು.

ಮಾಸ್ಕ್ ಜಗಳ ಹೊಸದಲ್ಲ. 1910–11ರಲ್ಲಿ ಮಂಚೂರಿಯಾದ ಹಾರ್ಬಿನ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿದಾಗ, ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಡ್ಜ್‌ನಲ್ಲಿ ಓದಿದ ವೈದ್ಯ ವು ಲಿಯೆನ್-ತೆ, ಇದು ಉಸಿರಿನಿಂದ ಹರಡುತ್ತದೆ, ಹತ್ತಿ ಬಟ್ಟೆಯ ಪದರಗಳ ಮಾಸ್ಕ್ ಕಟ್ಟಿಕೊಳ್ಳಿ ಎಂದರು. ಹಿರಿಯ ಫ್ರೆಂಚ್ ವೈದ್ಯ ಮೆನಿ ಈ ಮಾತನ್ನು ಒಪ್ಪಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿ ಕೆಲವೇ ದಿನಗಳಲ್ಲಿ ಅದೇ ಪ್ಲೇಗ್‌ಗೆ ಬಲಿಯಾದರು. ಏಳೆಂಟು ವರ್ಷ ಕಳೆದು ಇನ್‌ಫ್ಲುಯೆನ್ಜಾ ಬಂದಾಗ ಸ್ಯಾನ್‌ಫ್ರಾನ್ಸಿಸ್ಕೊ ನಗರ ಮಾಸ್ಕ್ ಕಡ್ಡಾಯ ಮಾಡಿತು. ಹಾಕದವರಿಗೆ ದಂಡ, ಜೈಲು. 1918ರ ನವೆಂಬರ್ 21ರ ಮಧ್ಯಾಹ್ನ ಸೈರನ್ ಮೊಳಗಿದಾಗ ಜನ ಮಾಸ್ಕ್ ಕಿತ್ತು ಬೀದಿಗೆಸೆದು ಸಂಭ್ರಮಿಸಿದರು. ಜ್ವರ ಮರಳಿತು. ಜನವರಿಯಲ್ಲಿ ನಿಯಮವೂ ಮರಳಿತು. ಈ ಸಲ ‘ಆಂಟಿ ಮಾಸ್ಕ್ ಲೀಗ್’ ಹುಟ್ಟಿಕೊಂಡು ದೊಡ್ಡ ಸಭೆಯನ್ನೇ ಸೇರಿಸಿತು. ಫೆಬ್ರುವರಿ 1ಕ್ಕೆ ನಿಯಮ ರದ್ದಾಯಿತು. ಈ ನಡುವೆ ಬಾಕ್ಸಿಂಗ್ ಪಂದ್ಯದಲ್ಲಿ ಮಾಸ್ಕ್ ಇಲ್ಲದೆ ಫೋಟೊಗೆ ಸಿಕ್ಕಿಬಿದ್ದ ಮೇಯರ್ ಜೇಮ್ಸ್ ರಾಲ್ಫ್ ಕೂಡ ದಂಡ ಕಟ್ಟಿದ್ದರು. ಕ್ಯಾಲಿಫೋರ್ನಿಯಾದ ಆರೋಗ್ಯ ಮಂಡಳಿಯ ಕೆಲಾಗ್ ಎಂಬ ವೈದ್ಯ 1920ರಲ್ಲಿ ಪ್ರಯೋಗ ಮಾಡಿ, ಜನ ಬಳಸಿದ ಜಾಳು ಬಟ್ಟೆಯ ಮಾಸ್ಕ್‌ನಿಂದ ನಿರೀಕ್ಷಿಸಿದಷ್ಟು ಉಪಯೋಗವಾಗಲಿಲ್ಲ ಎಂದು ಬರೆದರು.

ನೂರು ವರ್ಷದ ನಂತರವೂ ಉತ್ತರ ಅಷ್ಟು ಸಲೀಸಾಗಿ ಸಿಗಲಿಲ್ಲ. ಎಲ್ಲರೂ ಮಾಸ್ಕ್ ಹಾಕಬೇಕಿಲ್ಲ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಮಾತು ಬದಲಿಸಿತು. ನಮ್ಮ ಕೇಂದ್ರ ಸರ್ಕಾರ ಅದಕ್ಕಿಂತ ಮುಂಚೆ, ಏಪ್ರಿಲ್ ಮೊದಲ ವಾರದಲ್ಲೇ ಮನೆಯಲ್ಲಿ ಹೊಲಿದ ಮಾಸ್ಕ್ ಸಾಕು, ಹಾಕಿಕೊಳ್ಳಿ ಎಂದಿತ್ತು. ಈ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ನಮ್ಮಂಥದೇ ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರ ನಡುವೆ ಅದು ನಡೆಯಿತು. ಚೀಟಿ ಎತ್ತಿದ ಹಾಗೆ ಅರ್ಧ ಹಳ್ಳಿಗಳನ್ನು ಆಯ್ದು ಮಾಸ್ಕ್ ಹಂಚಿ, ಊರಿನ ಹಿರಿಯರಿಂದ ಹೇಳಿಸಿ, ಹಾಕುವವರ ಪ್ರಮಾಣವನ್ನು ಶೇ 13ರಿಂದ ಶೇ 42ಕ್ಕೆ ಏರಿಸಿದರು. ರೋಗಲಕ್ಷಣ ಇದ್ದು ರಕ್ತಪರೀಕ್ಷೆಯಲ್ಲಿ ಖಚಿತವಾದ ಸೋಂಕು ಒಟ್ಟಾರೆ ಶೇ 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ, 60 ದಾಟಿದವರಲ್ಲಿ ಇಳಿಕೆ ಮೂರನೇ ಒಂದರಷ್ಟಿತ್ತು. ಬಟ್ಟೆ ಮಾಸ್ಕ್ ಬಗ್ಗೆ ಖಚಿತವಾಗಿ ಹೇಳುವಂಥದ್ದು ಸಿಗಲಿಲ್ಲ. ಹಾಗಾಗಿ ಮಾಸ್ಕ್ ಜೀವ ಉಳಿಸುವ ಮಂತ್ರವೂ ಆಗಿರಲಿಲ್ಲ, ಬೂಟಾಟಿಕೆಯೂ ಆಗಿರಲಿಲ್ಲ. ಒಳ್ಳೆಯ ಮಾಸ್ಕ್‌ನಿಂದ, ಮುದುಕರಿಗೆ, ಜನ ಸೇರುವ ಮುಚ್ಚಿದ ಜಾಗದಲ್ಲಿ ಲಾಭ ಇತ್ತು. ಮುಖ್ಯವಾದ ಮಾತೆಂದರೆ, ಅದರಲ್ಲಿ ಏನೇ ತಪ್ಪಾಗಿದ್ದರೂ ತೆತ್ತ ಬೆಲೆ ಸಣ್ಣದು. ಬೇಡವಾದ ದಿನ ತೆಗೆದು ಪಕ್ಕಕ್ಕಿಟ್ಟರೆ ಮುಗಿಯಿತು.

ಚಿಕ್ಕ ಮಕ್ಕಳ ಮುಖದ ಮೇಲಿನ ಮಾಸ್ಕ್ ಮಾತ್ರ ಬೇರೆ ವಿಷಯ. ಒಂದನೇ ತರಗತಿಯ ಟೀಚರ್ ‘ಳ’ ಹೇಳಿಕೊಡುವಾಗ ಬಾಯಿ ತೆರೆದು, ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ತೋರಿಸುತ್ತಾರೆ. ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ ಬೇರೆಯಾಗುವುದು ಮಗುವಿಗೆ ಅರ್ಧ ಕಿವಿಯಲ್ಲಿ, ಅರ್ಧ ಕಣ್ಣಲ್ಲಿ. ‘ಪ’ ಮತ್ತು ‘ಫ’ ಹೇಳುವಾಗ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಎರಡನೆಯದಕ್ಕೆ ಗಾಳಿ ಜೋರಾಗಿ ತಾಗುತ್ತೆ ನೋಡು ಎನ್ನುವ ಮೇಷ್ಟ್ರುಗಳಿದ್ದಾರೆ. ಕಿವಿ ಮಂದವಿರುವ ಮಗುವಿಗಂತೂ ತುಟಿಯೇ ಪಾಠ. ಇದನ್ನೆಲ್ಲ ಮೂರು ಪದರದ ಬಟ್ಟೆಯ ಹಿಂದಿನಿಂದ ಕಲಿಸಲಾಗದು. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೇ 2021ರ ಜೂನ್‌ನಲ್ಲಿ, ಐದು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾಸ್ಕ್ ಬೇಡ, ಆರರಿಂದ ಹನ್ನೊಂದರವರು ದೊಡ್ಡವರ ನಿಗಾದಲ್ಲಿ ಹಾಕಬಹುದು ಎಂದು ಹೇಳಿತು. ಒಳ್ಳೆಯ ಸಲಹೆ. ಆದರೆ ಆ ಹೊತ್ತಿಗೆ ಆ ವಯಸ್ಸಿನ ಮಕ್ಕಳು ಮಾಸ್ಕ್ ಹಾಕಿಯೋ ಹಾಕದೆಯೋ ಹೋಗಲು ಶಾಲೆಯೇ ತೆರೆದಿರಲಿಲ್ಲ.

ಇಲ್ಲೇ ನಮ್ಮ ಚರ್ಚೆ ದಾರಿ ತಪ್ಪಿತು. ಮಾಸ್ಕ್ ಬೇಕು ಎನ್ನುವವರು ಶಾಲೆ ಮುಚ್ಚಿರಬೇಕು ಎಂದೂ ಹೇಳಬೇಕು, ಶಾಲೆ ತೆರೆಯಿರಿ ಎಂದವರು ಸೋಂಕನ್ನು ಹಗುರವಾಗಿ ಕಂಡವರು ಎಂಬ ಹಾಗೆ ಎರಡು ಗುಂಪು ಬಿದ್ದವು. ಅಮೆರಿಕದಲ್ಲಿ ಇದು ಪಕ್ಷಗಳ ಜಗಳವೇ ಆಗಿಹೋಯಿತು. ನಮ್ಮಲ್ಲಿ ಪಕ್ಷಗಳಿಗೆ ಅಂಥ ಭೇದ ಇರಲಿಲ್ಲ, ಆದರೆ ‘ಮಗು ಉಳಿದರೆ ತಾನೇ ಓದು’ ಎಂಬ ಒಂದೇ ಮಾತಿಗೆ ಎಲ್ಲರ ಬಾಯಿ ಕಟ್ಟುತ್ತಿತ್ತು. ಮಗುವಿನ ಜೀವ ಮುಂದಿಟ್ಟು ಕೇಳಿದರೆ ಯಾವ ತಾಯಿ ಬೇರೆ ಉತ್ತರ ಕೊಟ್ಟಾಳು? ಮಾಸ್ಕ್‌ನ ಲಾಭ ಚಿಕ್ಕದು, ನಷ್ಟ ಇನ್ನೂ ಚಿಕ್ಕದು. ಶಾಲೆ ಮುಚ್ಚಿದರೆ ಆಗುವ ಲಾಭ ಕೆಲವು ವಾರಗಳದ್ದು, ನಷ್ಟ ವರ್ಷಗಳದ್ದು, ಅದೂ ತಕ್ಷಣ ಕಾಣುವಂಥದ್ದಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಬಾರದಿತ್ತು.

1918ರ ನ್ಯೂಯಾರ್ಕ್ ಇವನ್ನು ಬೇರೆ ಬೇರೆಯಾಗಿಯೇ ನೋಡಿತ್ತು. ಅಮೆರಿಕದ ಹೆಚ್ಚಿನ ನಗರಗಳು ಶಾಲೆ ಮುಚ್ಚಿದಾಗ ನ್ಯೂಯಾರ್ಕ್, ಷಿಕಾಗೊ, ನ್ಯೂಹೇವನ್ ಮುಚ್ಚಲಿಲ್ಲ. ನ್ಯೂಯಾರ್ಕ್‌ನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಕೊಟ್ಟ ಕಾರಣವನ್ನು ಇಂದಿಗೂ ಗಮನವಿಟ್ಟು ಓದಬೇಕು. ನಗರದ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಲ್ಲಿ ಏಳೂವರೆ ಲಕ್ಷದಷ್ಟು ಮಂದಿ ಕಿಕ್ಕಿರಿದ ವಠಾರಗಳಲ್ಲಿದ್ದರು. ಗಾಳಿ ಬೆಳಕಿಲ್ಲದ ಕೋಣೆ, ಕೂಲಿಗೆ ಹೋದ ಅಪ್ಪ ಅಮ್ಮ. ಅಲ್ಲಿಂದ ಬಿಡಿಸಿ ಮಗುವನ್ನು ದೊಡ್ಡ, ಶುಚಿಯಾದ ಶಾಲಾ ಕಟ್ಟಡಕ್ಕೆ ತಂದರೆ ದಿನವೂ ಒಬ್ಬ ಶಿಕ್ಷಕಿಯ ಕಣ್ಣು ಅದರ ಮೇಲಿರುತ್ತದೆ. ಮಕ್ಕಳು ಅಂಗಳದಲ್ಲಿ ಗುಂಪುಗೂಡದೆ ನೇರ ತರಗತಿಗೆ ಹೋಗಬೇಕು. ಶಿಕ್ಷಕಿ ಒಬ್ಬೊಬ್ಬರನ್ನೂ ನೋಡಬೇಕು. ಕೆಮ್ಮು, ಜ್ವರ ಕಂಡರೆ ಬೇರೆ ಕೋಣೆಯಲ್ಲಿ ವೈದ್ಯರ ಪರೀಕ್ಷೆ. ಇದೆಲ್ಲ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಜೋಸೆಫೀನ್ ಬೇಕರ್ ಎಂಬ ವೈದ್ಯೆ ಹತ್ತು ವರ್ಷದಿಂದ ನಗರದ ಮಕ್ಕಳ ಆರೋಗ್ಯ ವಿಭಾಗವನ್ನು ಕಟ್ಟಿ ಬೆಳೆಸಿದ್ದರು. ಶಾಲೆಗೆ ನರ್ಸ್ ಬರುವುದು ಅಲ್ಲಿನ ಮಕ್ಕಳಿಗೆ ಮಾಮೂಲಿ ಸಂಗತಿಯಾಗಿತ್ತು.

ಕೋಪ್‌ಲ್ಯಾಂಡ್ ಮಾಡಿದ್ದೇ ಸರಿ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಆ ಕಾಲದ ಅಮೆರಿಕದ 43 ನಗರಗಳ ದಾಖಲೆ ಜಾಲಾಡಿ ವೈದ್ಯಕೀಯ ಇತಿಹಾಸಕಾರ ಹೊವರ್ಡ್ ಮಾರ್ಕೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಶಾಲೆ ಮುಚ್ಚುವುದೂ ಸೇರಿದಂತೆ ಹಲವು ಕ್ರಮಗಳನ್ನು ಬೇಗ, ಒಟ್ಟಿಗೆ, ಹೆಚ್ಚು ದಿನ ನಡೆಸಿದ ನಗರಗಳಲ್ಲಿ ಸಾವು ಕಡಿಮೆ ಎಂದು ತೋರಿಸಿತು. ಹೆಚ್ಚು ದಿನ ಎಂದರೆ ಅಲ್ಲಿ ವಾರಗಳ ಲೆಕ್ಕ, ವರ್ಷಗಳದ್ದಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. 1918ರ ಜ್ವರ ಎಳೆಯ ಮಕ್ಕಳನ್ನೂ ಇಪ್ಪತ್ತು ಮೂವತ್ತರ ಗಟ್ಟಿಮುಟ್ಟಾದವರನ್ನೂ ಕೊಂದಿತು. ಕೋವಿಡ್ ಹಾಗಿರಲಿಲ್ಲ. ವಯಸ್ಸು ಏರಿದಷ್ಟೂ ಅದರ ಅಪಾಯ ಏರುತ್ತಿತ್ತು, ಹತ್ತರ ಒಳಗಿನವರಿಗೆ ತೀರಾ ಕಡಿಮೆ. ಇದು 2020ರ ನಡುವಿನ ಹೊತ್ತಿಗೇ ಜಗತ್ತಿಗೆ ಗೊತ್ತಾಗಿತ್ತು.

ಶಾಲೆ ಮುಚ್ಚಬೇಕು ಎನ್ನುವವರ ಗಟ್ಟಿ ವಾದ ಮಗುವಿನ ಬಗ್ಗೆ ಇರಲಿಲ್ಲ, ಅಜ್ಜಿಯ ಬಗ್ಗೆ ಇತ್ತು. ನಮ್ಮ ಮನೆಗಳಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಮಲಗುತ್ತದೆ. ಮಗು ಸೋಂಕು ತಂದರೆ ಅಜ್ಜಿಯ ಗತಿ ಏನು? ಈ ಪ್ರಶ್ನೆಗೆ ನನ್ನಲ್ಲಿ ಗೌರವ ಇದೆ, ಮೊದಲ ತಿಂಗಳುಗಳಲ್ಲಿ ಅದಕ್ಕೆ ಎದುರು ಮಾತಿಲ್ಲ. ಆದರೆ ಶಾಲೆ ಮುಚ್ಚಿದ್ದಕ್ಕೆ ಮಗು ಮನೆಯೊಳಗೆ ಕೂತಿರಲಿಲ್ಲ. ಅಪ್ಪನ ಜೊತೆ ಹೊಲಕ್ಕೆ, ಅಮ್ಮನ ಜೊತೆ ಸಂತೆಗೆ, ದನ ಮೇಯಿಸಲು, ಹತ್ತಿ ಬಿಡಿಸಲು, ಗೆಳೆಯರ ಜೊತೆ ಕೆರೆ ಏರಿಗೆ, ಚಿಕ್ಕಪ್ಪನ ಮದುವೆಗೆ ಎಲ್ಲ ಕಡೆಯೂ ಹೋಗುತ್ತಿತ್ತು. ಹೋಗದೆ ಉಳಿದದ್ದು ಶಾಲೆಗೆ ಮಾತ್ರ.

ಇದನ್ನು ಕಂಡುಕೊಂಡೇ ನಮ್ಮ ಶಿಕ್ಷಣ ಇಲಾಖೆ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರು ಮಾಡಿತು. ಆ ಎರಡು ವರ್ಷಗಳಲ್ಲಿ ನಮ್ಮ ರಾಜ್ಯ ಮಾಡಿದ ಅತ್ಯುತ್ತಮ ಕೆಲಸ ಅದು ಎಂದು ನಾನು ತಿಳಿದಿದ್ದೇನೆ. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಶಾಲೆಯೇ ಮಕ್ಕಳಿರುವಲ್ಲಿಗೆ ಹೋಗಲಿ ಎಂಬುದು ಅದರ ತಿರುಳು. ದೇವಸ್ಥಾನದ ಪೌಳಿ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗುಲಿ, ತೋಟದ ನೆರಳು. ಹತ್ತು ಇಪ್ಪತ್ತು ಮಕ್ಕಳ ಗುಂಪು. ಮೇಷ್ಟ್ರು ಬೈಕಿನ ಹಿಂದೆ ಸುರುಳಿ ಸುತ್ತಿದ ಚಾರ್ಟು, ಸಣ್ಣ ಕರಿಹಲಗೆ ಕಟ್ಟಿಕೊಂಡು ಬರುತ್ತಿದ್ದರು. ಮಕ್ಕಳು ಚಾಪೆ, ಗೋಣಿಚೀಲ ಮನೆಯಿಂದಲೇ ತಂದು ಅಷ್ಟಷ್ಟು ದೂರ ಹಾಸಿ ಕೂರುತ್ತಿದ್ದರು. ಅಮ್ಮನ ಹಳೇ ಸೀರೆಯ ತುಂಡಿನಿಂದ ಹೊಲಿದ ಮಾಸ್ಕ್ ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ಗದ್ದಕ್ಕೆ ಇಳಿಯುತ್ತಿತ್ತು, ಟೀಚರ್ ಗದರಿದರೆ ಮತ್ತೆ ಮೂಗಿಗೆ ಏರುತ್ತಿತ್ತು. ಮೊಬೈಲ್ ಇರುವ ಮಕ್ಕಳಿಗೆ ಒಂದು ಬಗೆ, ಇಲ್ಲದವರಿಗೆ ಇನ್ನೊಂದು ಬಗೆ ಎಂದು ಗುಂಪು ಮಾಡಿ, ಇಲ್ಲದವರ ಕಡೆಗೆ ಶಿಕ್ಷಕರು ನಡೆದುಹೋದರು. ಬಯಲಿನಲ್ಲಿ ಗಾಳಿಯಾಡುವ ಕಡೆ ಸೋಂಕು ಹರಡುವುದು ಕಡಿಮೆ ಎಂದು ವಿಜ್ಞಾನಿಗಳು ಅದಾಗಲೇ ಹೇಳುತ್ತಿದ್ದರು. ಸಣ್ಣ ಗುಂಪು, ತೆರೆದ ಗಾಳಿ, ದೂರ ಕೂರುವುದು ಎಲ್ಲವೂ ಅಲ್ಲಿತ್ತು.

ಅಕ್ಟೋಬರ್ 10ರಂದು ಅದನ್ನು ನಿಲ್ಲಿಸಲಾಯಿತು. ರಾಜ್ಯದಲ್ಲಿ ಆಗ ದಿನಕ್ಕೆ ಹತ್ತು ಸಾವಿರದ ಆಸುಪಾಸು ಪ್ರಕರಣಗಳು ಬರುತ್ತಿದ್ದವು. ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂತು. ಸೋಂಕಿಗೆ ಬಲಿಯಾದ ಶಿಕ್ಷಕರ ಸುದ್ದಿಗಳೂ ಬಂದವು. ವಿರೋಧ ಪಕ್ಷಗಳು, ಟಿವಿ ಚಾನೆಲ್‌ಗಳು ಒಟ್ಟಾಗಿ ವಿದ್ಯಾಗಮ ನಿಲ್ಲಿಸಿ ಎಂದವು. ಸತ್ತ ಶಿಕ್ಷಕರ ಮನೆಯವರ ದುಃಖ ಯಾವ ವಾದಕ್ಕಿಂತಲೂ ದೊಡ್ಡದು. ವಯಸ್ಸಾದ, ಬಿಪಿ, ಸಕ್ಕರೆ ಕಾಯಿಲೆ ಇದ್ದ ಶಿಕ್ಷಕರನ್ನು ಹಳ್ಳಿ ಹಳ್ಳಿ ತಿರುಗಿಸಬಾರದಿತ್ತು. ಅವರಿಗೆ ಒಳ್ಳೆಯ ಮಾಸ್ಕ್ ಕೊಡಬೇಕಿತ್ತು; ಮಾಸ್ಕ್ ನಿಜವಾಗಿ ಬೇಕಿದ್ದ ಜಾಗ ಅದು. ಸರಿಪಡಿಸಬಹುದಾದ್ದನ್ನು ಸರಿಪಡಿಸುವ ಬದಲು ಇಡೀ ಕಾರ್ಯಕ್ರಮವನ್ನೇ ಬಿಟ್ಟೆವು. ಜನವರಿಯಲ್ಲಿ ವಿದ್ಯಾಗಮ ಮರಳಿದಾಗ ಅದು 6ರಿಂದ 9ನೇ ತರಗತಿಯವರಿಗೆ, ಶಾಲೆಯ ಆವರಣದಲ್ಲಿ. ಒಂದರಿಂದ ಐದರವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಈ ನಡುವೆ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮತಗಟ್ಟೆಗಳಾದದ್ದು ಬೀಗ ಹಾಕಿದ್ದ ಅದೇ ಶಾಲಾ ಕೊಠಡಿಗಳು. ಧೂಳು ಗುಡಿಸಿ, ಡೆಸ್ಕ್ ಜೋಡಿಸಿ, ಗೋಡೆಯ ವರ್ಣಮಾಲೆಯ ಕೆಳಗೆ ಕೂತು ಮತದಾರರ ಬೆರಳಿಗೆ ಶಾಯಿ ಹಚ್ಚಿದವರು ಅದೇ ಶಿಕ್ಷಕರು. ಹಳ್ಳಿಯ ಮುದುಕರೆಲ್ಲ ಸಾಲಿನಲ್ಲಿ ಬಂದು ಹೋದರು. ಚುನಾವಣೆ ನಡೆಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಮುದುಕರಿಗೆ ಒಂದು ದಿನ ತೆರೆಯಬಹುದಾದ ಕೊಠಡಿಯನ್ನು ಆರು ವರ್ಷದ ಮಗುವಿಗೆ ವಾರಕ್ಕೆ ಎರಡು ದಿನ ತೆರೆಯಲು ಏನು ಅಡ್ಡಿ ಎಂದು ಆಗ ಯಾರೂ ಸರ್ಕಾರವನ್ನು ಹಿಡಿದು ನಿಲ್ಲಿಸಿ ಕೇಳಲಿಲ್ಲ. 2021ರ ಫೆಬ್ರುವರಿಯಲ್ಲಿ ರಾಜ್ಯದ ದಿನದ ಪ್ರಕರಣಗಳು ನಾನೂರರ ಆಸುಪಾಸಿಗೆ ಇಳಿದವು. ಮದುವೆ ಛತ್ರಗಳು ತುಂಬಿದ್ದವು. ಆಗಲೂ ಐದನೇ ತರಗತಿವರೆಗಿನ ಪ್ರಾಥಮಿಕ ಶಾಲೆ ತೆರೆಯಲಿಲ್ಲ.

ಏಪ್ರಿಲ್ 2ರ ಆದೇಶ ಎಲ್ಲವನ್ನೂ ಬಿಚ್ಚಿ ತೋರಿಸಿತು. ಎರಡನೇ ಅಲೆ ಏಳುತ್ತಿತ್ತು. ಸರ್ಕಾರ ಒಂದೇ ಏಟಿಗೆ 6ರಿಂದ 9ನೇ ತರಗತಿ ನಿಲ್ಲಿಸಿತು, ಚಿತ್ರಮಂದಿರಗಳಲ್ಲಿ ಅರ್ಧದಷ್ಟೇ ಸೀಟು ಎಂದಿತು, ಜಿಮ್ ಮುಚ್ಚಿಸಿತು. ಪುನೀತ್ ರಾಜ್‌ಕುಮಾರ್ ಅವರ ‘ಯುವರತ್ನ’ ಹಿಂದಿನ ದಿನವಷ್ಟೇ ತೆರೆಕಂಡಿತ್ತು. ಚಿತ್ರರಂಗ ದನಿ ಎತ್ತಿತು. ಮರುದಿನವೇ ಏಪ್ರಿಲ್ 7ರವರೆಗೆ ಪೂರ್ಣ ಸೀಟಿಗೆ ಒಪ್ಪಿಗೆ ಸಿಕ್ಕಿತು. ಜಿಮ್ ನಡೆಸುವವರು ದನಿ ಎತ್ತಿದರು. ಅರ್ಧ ಸಾಮರ್ಥ್ಯಕ್ಕೆ ಅವರಿಗೂ ಅನುಮತಿ ಬಂತು. ಅವರ ಹೊಟ್ಟೆಪಾಡಿನ ಪ್ರಶ್ನೆ ನ್ಯಾಯವಾದದ್ದೇ. ತರಗತಿಗಳ ವಿಷಯಕ್ಕೆ ಮಾತ್ರ ಯಾವ ಬದಲಾವಣೆಯೂ ಬರಲಿಲ್ಲ. ಏಳನೇ ತರಗತಿಯ ಹುಡುಗಿಯ ಪರವಾಗಿ ಮುಖ್ಯಮಂತ್ರಿಯ ಮನೆಗೆ ಹೋಗುವ ಸಂಘ ಯಾವುದೂ ಇರಲಿಲ್ಲ.

ಅದಾದ ನಂತರದ ಎರಡು ತಿಂಗಳ ಬಗ್ಗೆ ಯಾರ ತಕರಾರೂ ಇಲ್ಲ. ಚಾಮರಾಜನಗರದಲ್ಲಿ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು ನಿಂತಿತ್ತು. ಅಂಥ ಹೊತ್ತಿನಲ್ಲಿ ಶಾಲೆ ಮುಚ್ಚುವುದೇ ಸರಿ. ನನ್ನ ತಕರಾರು ಇರುವುದು ಆ ಎರಡು ತಿಂಗಳ ಹಿಂದೆ ಮುಂದೆ ಇದ್ದ ಉಳಿದ ತಿಂಗಳುಗಳ ಬಗ್ಗೆ.

2021ರ ಜೂನ್‌ನಲ್ಲಿ ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ, ಶಾಲೆ ದೀರ್ಘಕಾಲ ಮುಚ್ಚಿದ್ದರಿಂದ ಅಪೌಷ್ಟಿಕತೆ, ಬಾಲಕಾರ್ಮಿಕ ಪದ್ಧತಿ, ಬಾಲ್ಯವಿವಾಹ ಹೆಚ್ಚುವ ಅಪಾಯವಿದೆ ಎಂದು ಎಚ್ಚರಿಸಿ, ಶಾಲೆ ತೆರೆಯಲು ಸರ್ಕಾರಕ್ಕೆ ಹೇಳಿತು. ಜುಲೈ 20ರಂದು ಐಸಿಎಂಆರ್ ಮಹಾನಿರ್ದೇಶಕ ಬಲರಾಮ್ ಭಾರ್ಗವ ಇನ್ನೂ ಸ್ಪಷ್ಟವಾಗಿ ಮಾತನಾಡಿದರು. ಚಿಕ್ಕ ಮಕ್ಕಳು ಈ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ಎದುರಿಸುತ್ತಾರೆ, ತೆರೆಯುವುದಾದರೆ ಪ್ರಾಥಮಿಕ ಶಾಲೆ ಮೊದಲು ತೆರೆಯುವುದು ಜಾಣತನ ಎಂದರು. ಅದೇ ದಿನ ಬಿಡುಗಡೆಯಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದಿದ್ದವು. ಮನೆಯಲ್ಲೇ ಇದ್ದಾರೆ ಎಂದು ನಾವು ಅಂದುಕೊಂಡಿದ್ದ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ಆಗಲೇ ಬಂದು ಹೋಗಿತ್ತು. ನಾವು ಮಾಡಿದ್ದೇನು? ಆಗಸ್ಟ್ 23ಕ್ಕೆ 9ರಿಂದ 12, ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5. ಅಪಾಯ ಕಡಿಮೆ ಇದ್ದು, ಮನೆಯಲ್ಲಿ ತಾವಾಗಿ ಕಲಿಯಲಾರದ ಮಕ್ಕಳನ್ನು ಕೊನೆಗೆ ಇಟ್ಟೆವು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ, ಲಸಿಕೆಯ ಸುಳಿವೂ ಇಲ್ಲದ ದಿನಗಳಲ್ಲಿ, ಅತಿ ಚಿಕ್ಕವರಿಂದ ಶುರುಮಾಡಿ ಶಾಲೆ ತೆರೆದಿತ್ತು. ಸ್ವೀಡನ್ ಹದಿನಾರರ ಒಳಗಿನವರ ಶಾಲೆಗಳನ್ನು ಮುಚ್ಚಲೇ ಇಲ್ಲ. ಮೊದಲ ಅಲೆಯ ನಾಲ್ಕು ತಿಂಗಳಲ್ಲಿ ಅಲ್ಲಿನ ಸುಮಾರು 19.5 ಲಕ್ಷ ಮಕ್ಕಳಲ್ಲಿ ಕೋವಿಡ್‌ನಿಂದ ತೀವ್ರ ನಿಗಾ ಘಟಕ ಸೇರಿದವರು 15 ಮಂದಿ, ಸತ್ತವರು ಯಾರೂ ಇಲ್ಲ. ಶಾಲೆಗೆ ಹೋಗಿ ಪಾಠ ಮಾಡಿದ ಅಲ್ಲಿನ ಶಿಕ್ಷಕರಿಗೆ, ಮನೆಯಿಂದ ಪಾಠ ಮಾಡಿದವರಿಗಿಂತ ಸೋಂಕು ಹೆಚ್ಚು ತಗುಲಿತು. ಈ ಎರಡೂ ಸತ್ಯ. ಶಾಲೆ ತೆರೆಯುವುದೆಂದರೆ ಶಿಕ್ಷಕರನ್ನು ಕಾಪಾಡುವ ಜವಾಬ್ದಾರಿಯನ್ನೂ ಹೊರುವುದು. ನಮ್ಮಲ್ಲಿ ಆದದ್ದು ತದ್ವಿರುದ್ಧ: 2021ರ ಏಪ್ರಿಲ್ 17ರ ಬಸವಕಲ್ಯಾಣ ಉಪಚುನಾವಣೆಗೆ ಎರಡನೇ ಅಲೆಯ ನಡುವೆಯೇ ಶಿಕ್ಷಕರನ್ನು ಕಳಿಸಿದೆವು, ಮತಗಟ್ಟೆಯಿಂದ ಮರಳಿದವರಲ್ಲಿ ಹಲವರನ್ನು ಕಳೆದುಕೊಂಡೆವು.

ಮುಚ್ಚಿದ ಶಾಲೆಗೆ ಬದಲಾಗಿ ಕೊಟ್ಟದ್ದು ಪರದೆ. ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು, ಆ ಪಾಠ ಮಾಡಿದ ಶಿಕ್ಷಕರು ಶ್ರದ್ಧೆಯಿಂದಲೇ ಮಾಡಿದರು. ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳು ಆ ಪಾಠ ನೋಡಲಿ ಎಂದು ತಾಳಿ ಒತ್ತೆ ಇಟ್ಟು ಟಿವಿ ತಂದರು. ಸುಳ್ಯದ ಕಡೆ ಸುರಿಯುವ ಮಳೆಯಲ್ಲಿ ರಸ್ತೆ ಬದಿ ನೆಟ್‌ವರ್ಕ್ ಸಿಗುವಲ್ಲಿ ಕೂತ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಇವನ್ನು ಛಲದ ಕಥೆಗಳೆಂದು ಹಂಚಿಕೊಂಡೆವು. ಛಲ ಇತ್ತು, ನಿಜ. ಆದರೆ ಆ ತಾಳಿ ಒತ್ತೆ ಹೋದದ್ದು ನಡೆದುಹೋಗುವಷ್ಟು ಹತ್ತಿರದಲ್ಲಿದ್ದ ಸರ್ಕಾರಿ ಶಾಲೆ ಮುಚ್ಚಿದ್ದಕ್ಕೆ. ಅರ್ಥಶಾಸ್ತ್ರಜ್ಞರಾದ ಜ್ಯಾಂ ದ್ರೇಜ್, ರೀತಿಕಾ ಖೇರಾ ಮತ್ತಿತರರು 2021ರ ಆಗಸ್ಟ್‌ನಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳ ಸುಮಾರು 1,400 ಮಕ್ಕಳನ್ನು ಮಾತನಾಡಿಸಿದಾಗ, ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದವರು ಶೇ 8. ಏನೂ ಓದದೆ ಇದ್ದವರು ಶೇ 37.

ಕರ್ನಾಟಕದ ಲೆಕ್ಕವೂ ಇದೆ, ಓದಿದರೆ ಸಂಕಟವಾಗುತ್ತದೆ. ಮಕ್ಕಳ ಕಲಿಕೆಯ ಮಟ್ಟ ಅಳೆಯುವ ‘ಅಸರ್’ ತಂಡ 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ 24 ಜಿಲ್ಲೆಗಳ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, 18 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ತಲುಪಿತು. ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 19.2 ಇದ್ದರು. ಅದೇ ಕಡಿಮೆ. ಈಗ ಅದು ಶೇ 9.8ಕ್ಕೆ ಕುಸಿದಿತ್ತು. ಒಂದಕ್ಷರವನ್ನೂ ಗುರುತಿಸಲಾಗದ ಒಂದನೇ ತರಗತಿಯ ಮಕ್ಕಳು ಶೇ 40ರಿಂದ 57ರ ಹತ್ತಿರಕ್ಕೆ ಏರಿದ್ದರು. ಇದು ಶಾಲೆ ಇನ್ನೂ ಏಳು ತಿಂಗಳು ಮುಚ್ಚಿರುವುದಕ್ಕೆ ಮುಂಚಿನ ಸ್ಥಿತಿ. ಅಜೀಂ ಪ್ರೇಮ್‌ಜಿ ಫೌಂಡೇಷನ್ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲ ಮರೆತಿದ್ದರು. ಅಂದರೆ ಹೊಸದು ಕಲಿಯಲಿಲ್ಲ ಎಂಬುದಷ್ಟೇ ಅಲ್ಲ, ಕಲಿತದ್ದೂ ಕೈಬಿಟ್ಟಿತ್ತು. 2022ರ ‘ಅಸರ್’ ವರದಿ ಬಂದಾಗ ಮೂರನೇ ತರಗತಿಯ ಆ ಅಂಕಿ ಶೇ 8.6ಕ್ಕೆ ಇಳಿದಿತ್ತು. ಶಾಲೆ ತೆರೆದು ವರ್ಷವಾದರೂ ಏರಲಿಲ್ಲ.

ಅಕ್ಷರದ ಜೊತೆ ಅನ್ನವೂ ಹೋಯಿತು. ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆ ಹಂಚಿದರು, ತಡವಾಗಿಯಾದರೂ ಕೊಟ್ಟರು. ಆದರೆ ಶಾಲೆಯಲ್ಲಿ ತಟ್ಟೆಗೆ ಬೀಳುವ ಅನ್ನ ಸಾರು ಆ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮನೆಗೆ ಬಂದ ಅಕ್ಕಿಯಲ್ಲಿ ಇಡೀ ಮನೆ ಉಣ್ಣುತ್ತದೆ. ಬೆಳಿಗ್ಗೆ ಶಾಲೆಯಲ್ಲಿ ಕುಡಿಯುತ್ತಿದ್ದ ಕ್ಷೀರಭಾಗ್ಯದ ಲೋಟ ಹಾಲಿಗಂತೂ ಮನೆಯಲ್ಲಿ ಬದಲಿ ಇರಲಿಲ್ಲ.

ಇನ್ನೊಂದು ಸಾಂಕ್ರಾಮಿಕ ಬರುತ್ತದೆ. ಅದು ಮಕ್ಕಳಿಗೆ ಕೋವಿಡ್‌ಗಿಂತ ಕ್ರೂರವಾಗಿಯೂ ಇರಬಹುದು. ಆಗ ಮೊದಲ ದಿನವೇ ಶಾಲೆ ಮುಚ್ಚಬೇಕಾದೀತು, ಅದಕ್ಕೆ ನಾನೇ ಮೊದಲು ಕೈ ಎತ್ತುತ್ತೇನೆ. ಆದರೆ ಆ ಆದೇಶದಲ್ಲೇ ಅದು ಎಷ್ಟು ದಿನಕ್ಕೆ ತಾನಾಗಿ ರದ್ದಾಗುತ್ತದೆ ಎಂಬುದು ಬರೆದಿರಬೇಕು. ಮುಂದುವರಿಸುವುದಾದರೆ ಯಾವ ಅಂಕಿ ನೋಡಿ ಎಂದು ಸರ್ಕಾರ ಪ್ರತಿ ಸಲವೂ ಹೊಸದಾಗಿ ಹೇಳಬೇಕು. ತೀರ್ಮಾನ ಬೆಂಗಳೂರಿನ ಅಂಕಿ ನೋಡಿ ಇಡೀ ರಾಜ್ಯಕ್ಕೆ ಆಗದೆ ತಾಲ್ಲೂಕು ಮಟ್ಟದಲ್ಲಿ ಆಗಬೇಕು; ತನ್ನೂರಿನಲ್ಲಿ ಇಲ್ಲದ ರೋಗಕ್ಕೆ ಕೊಟ್ಟೂರಿನ ಮಗು ಮನೆಯಲ್ಲಿ ಕೂರಬಾರದು. ತೀರ್ಮಾನಿಸುವ ಸಮಿತಿಯಲ್ಲಿ ವೈದ್ಯರ ಪಕ್ಕ ಒಂದನೇ ತರಗತಿಗೆ ಪಾಠ ಮಾಡುವ ಶಿಕ್ಷಕಿ ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬ ತಾಯಿ ಕೂತಿರಬೇಕು. ವಿದ್ಯಾಗಮದ ಅನುಭವವನ್ನು ಈಗಲೇ, ಆ ಶಿಕ್ಷಕರು ಸೇವೆಯಲ್ಲಿರುವಾಗಲೇ, ಬರೆದಿಟ್ಟು ಕೈಪಿಡಿ ಮಾಡಬೇಕು. ನರ್ಸ್ ಬರುವ ಶಾಲೆ ಕಟ್ಟಲು ನ್ಯೂಯಾರ್ಕ್‌ಗೆ ಹತ್ತು ವರ್ಷ ಬೇಕಾಯಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಅವರ ಸಂಬಳ ಸರಿಮಾಡಿ ಶಾಲೆಯ ಜೊತೆ ಜೋಡಿಸುವ ಕೆಲಸ ಬಾಕಿ ಇದೆ.

2022ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ಹೆಸರಿನಲ್ಲಿ ಒಂದು ವರ್ಷದ ಕಾರ್ಯಕ್ರಮ ನಡೆಸಿತು. ಹಿಂದಿನ ಎರಡು ತರಗತಿಗಳ ಪಾಠವನ್ನು ಮತ್ತೆ ಕಲಿಸುವ ಆ ಪ್ರಯತ್ನ ಒಳ್ಳೆಯದೇ, ಒಂದು ವರ್ಷಕ್ಕೆ ಮುಗಿಸುವಂಥದ್ದಾಗಿರಲಿಲ್ಲ. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ದಾಖಲಾಗಿ, ಆ ತರಗತಿಯ ಕೋಣೆಯನ್ನೇ ನೋಡದೆ ಎರಡನೆಯದಕ್ಕೆ ಹೋದ ಮಕ್ಕಳು 2030ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಬೇಕು. ಅಲ್ಲಿವರೆಗೆ ಪ್ರತಿ ವರ್ಷ ಆ ಒಂದು ತಂಡದ ಓದು, ಲೆಕ್ಕ, ಹಾಜರಾತಿಯನ್ನು ಅಳೆದು, ಶಾಲೆ ಬಿಟ್ಟವರನ್ನು ಹೆಸರು ಹಿಡಿದು ಹುಡುಕಿ, ತಾಲ್ಲೂಕುವಾರು ವಿವರವನ್ನು ವಿಧಾನಸಭೆಯ ಮುಂದಿಡಲು ಶಿಕ್ಷಣ ಇಲಾಖೆಗೆ ಹೊಸ ಕಾನೂನು ಬೇಕಿಲ್ಲ. ದಾಖಲಾತಿ ಪುಸ್ತಕದಲ್ಲಿ ಆ ಮಕ್ಕಳ ಹೆಸರುಗಳೆಲ್ಲ ಇವೆ.